ಕತ್ತಿ ತಾಗಿದ್ದಲ್ಲ

"ಮೀನು ಮಾಡ್ಲಿಕ್ಕೆ ಬರ್ತದಲ್ಲ ಆಂಟಿ ನಿಮಗೆ?" ಎಂದು ಬ್ರಾಯನ್ ಕೇಳಿದಾಗ ನನಗೆ ನಗು ಬಂತು. ಉಡುಪಿ ಹತ್ತಿರದ ಕೆಮ್ಮಣ್ಣು ಎಂಬ ಊರಿನ ಹೊಳೆಬದಿಯಲ್ಲಿ ಹುಟ್ಟಿದವಳು ನಾನು. ಮದುವೆಯಾಗಿ ಹೋದದ್ದೂ ಹೊಳೆಬದಿಗೇ. ನನ್ನ ಅತ್ತೆ ಸೊಸೆಯಂದಿರ ಗುಣವನ್ನು ಮೀನಿನ ತಲೆಯೊಳಗೆ ನೋಡುತ್ತಿದ್ದ ಹೆಂಗಸು. ಒಂದೇ ಒಂದು ಬೂತಾಯಿಯಲ್ಲಿ ಕಿವಿರು ಉಳಿದಿದ್ದರೂ ಸಾಕು, ಊಟಕ್ಕೆ ಮುಂಚೆ ನನ್ನ ತವರಿನವರಿಗೆಲ್ಲ ಮಂಗಳಾರತಿ ಆಗುತ್ತಿತ್ತು. ಅಂಥ ಕಡೆ ಪಳಗಿದ ಕೈ. "ಬರ್ತದೆ ಸರ್" ಎಂದೆ.

ಅವನು ಆಂಟಿ ಎಂದಾಗಲೇ ನನಗೆ ಹೊಳೆಯಬೇಕಿತ್ತು. ಬ್ರಾಯನ್ ನಮ್ಮವನೇ, ಶಿರ್ವದ ಕಡೆಯ ಕೊಂಕಣಿ ಕ್ರಿಶ್ಚಿಯನ್. ಚರ್ಚಿನ ಅಂಗಳದಲ್ಲಿ ಸಿಕ್ಕಿದರೆ ನಾನು ಅವನಿಗೆ ಆಂಟಿ. ಕೆಲಸದಲ್ಲಿ ಗರ್ಟ್ರೂಡ್. ಸಿಟ್ಟು ಬಂದರೆ ಹೆಸರೂ ಇಲ್ಲ, ಬೆರಳು ಚಾಚಿ 'ಯೂ'. ಡ್ಯೂಟಿಯ ಹೊತ್ತಿನಲ್ಲಿ ಆಂಟಿ ಎಂದನೆಂದರೆ ಏನನ್ನೋ ತಲೆಗೆ ಕಟ್ಟಲು ಬಂದಿದ್ದಾನೆ ಎಂದೇ ಲೆಕ್ಕ.

ಅದು ಬಕ್ರೀದಿನ ಹಿಂದಿನ ವಾರ. ದುಬೈಯ ಒಂದು ಮಾಲಿನೊಳಗೆ ಕಡಲಸಿಂಹಗಳ ಆಟ ತೋರಿಸುವ ಕಂಪೆನಿ ನಮ್ಮದು. ಬ್ರಾಯನ್ ಅದರ ಮ್ಯಾನೇಜರ್. ನಾನು ಗ್ಯಾಲರಿ ಗುಡಿಸುವವಳು. ಪಾಪ್‌ಕಾರ್ನ್, ಚೆಲ್ಲಿದ ಜ್ಯೂಸು, ಸೀಟಿನ ಕೆಳಗೆ ತುರುಕಿಟ್ಟ ಮಕ್ಕಳ ಡೈಪರ್. ಮೀನಿನ ಕೋಣೆಯಲ್ಲಿದ್ದ ಬಂಗಾಳಿ ಊರಿಗೆ ಹೋಗಿದ್ದ. ಹಬ್ಬದ ರಜೆಯಲ್ಲಿ ಜನ ಮುಗಿಬೀಳುತ್ತಾರೆ. ಹೊಸಬನನ್ನು ಹುಡುಕುವ ರಗಳೆ ಯಾಕೆ, ಗುಡಿಸುವವಳ ಕೈಗೇ ಕತ್ತಿ ಕೊಟ್ಟರಾಯಿತು ಎಂದು ಬ್ರಾಯನ್ ತೀರ್ಮಾನಿಸಿದ. ಗುಡಿಸುವ ಕೆಲಸವನ್ನೇನೂ ಅವನು ನನ್ನಿಂದ ತೆಗೆಯಲಿಲ್ಲ.

ಅಲ್ಲಿ ಕಡಲಸಿಂಹಗಳು ಮೂರಿದ್ದವು. ನೋಡಲು ಬಂದವರೆಲ್ಲ ಸೀಲ್, ಸೀಲ್ ಎನ್ನುತ್ತಿದ್ದರು. ಸೀಲ್ ಬೇರೆ. ಸೀಲಿಗೆ ಹೊರಕಿವಿ ಇಲ್ಲ, ನೆಲದ ಮೇಲೆ ಹೊಟ್ಟೆ ಎಳೆದುಕೊಂಡು ಹೋಗುತ್ತದೆ. ಇವಕ್ಕೆ ಸಣ್ಣ ಸುರುಟಿದ ಕಿವಿ ಇದೆ, ಮುಂದಿನ ಈಜುಗಾಲುಗಳನ್ನು ಊರಿ ಎದ್ದು ನಡೆಯುತ್ತವೆ. ಅದಕ್ಕೇ ಇವನ್ನು ಹಿಡಿದು ತಂದು ಕುಣಿಸುತ್ತಾರೆ. ಎದ್ದು ನಿಲ್ಲಲು ಬರುವವರನ್ನೇ ಕುಣಿಸುವುದಲ್ಲವೇ, ಬಿದ್ದವರನ್ನು ಕುಣಿಸಿ ಯಾರಿಗೇನು ಲಾಭ?

ಮೂರರಲ್ಲಿ ಮುದುಕಿ ಒಬ್ಬಳಿದ್ದಳು. ಬೋರ್ಡಿನಲ್ಲಿ ಅವಳ ಹೆಸರು ಪ್ರಿನ್ಸೆಸ್. ನಾನು ಮಾಂಯ್ ಎಂದು ಕರೆಯುತ್ತಿದ್ದೆ. ಕೊಂಕಣಿಯಲ್ಲಿ ಅತ್ತೆಗೆ ಹಾಗನ್ನುತ್ತೇವೆ. ನನ್ನ ಅತ್ತೆಗೂ ಇಂಥದ್ದೇ ಮೀಸೆ ಇತ್ತು, ಇಂಥದ್ದೇ ದಪ್ಪ ಕುತ್ತಿಗೆ, ಬೆಳಿಗ್ಗೆ ಎದ್ದರೆ ಸಂಜೆಯವರೆಗೆ ಇಂಥದ್ದೇ ಬೊಗಳಾಟ. ಸಾಯುವವರೆಗೆ ಅತ್ತೆಯ ಹತ್ತಿರ ಒಂದು ಒಳ್ಳೆ ಮಾತು ಕೇಳಿದವಳಲ್ಲ ನಾನು. ಈ ಮಾಂಯ್ ಮಾತ್ರ ನನ್ನ ಪೊರಕೆಯ ಸದ್ದು ಕೇಳಿದರೆ ಕೊಳದ ಅಂಚಿಗೆ ಬಂದು ಗಲ್ಲ ಊರಿ ಮಲಗುತ್ತಿದ್ದಳು. ಅವಳ ಎರಡೂ ಕಣ್ಣು ಬೆಳ್ಳಗಾಗಿದ್ದವು. ವರ್ಷಗಟ್ಟಲೆ ಮದ್ದು ಹಾಕಿದ ನೀರು, ತಲೆಯ ಮೇಲೆ ದೀಪ. ಬೆಳಕು ಕತ್ತಲೆ ಬಿಟ್ಟು ಬೇರೇನೂ ಅವಳಿಗೆ ಕಾಣುತ್ತಿರಲಿಲ್ಲ. ಆದರೂ ತೂಗುಹಾಕಿದ ದೊಡ್ಡ ಬಳೆಯೊಳಗೆ ಹಾರಬೇಕು, ಮೂಗಿನ ಮೇಲೆ ಚೆಂಡು ನಿಲ್ಲಿಸಬೇಕು, ಫೋಟೋಗೆ ಬಂದ ಮಕ್ಕಳ ಕೆನ್ನೆಗೆ ಮೂತಿ ಒತ್ತಬೇಕು.

ಬಾಗಿಲ ಹತ್ತಿರ ಟಿವಿಯಲ್ಲಿ ಒಂದು ಫಿಲ್ಮ್ ಹಾಕಿಡುತ್ತಿದ್ದರು. ಯಾವುದೋ ತಣ್ಣನೆಯ ಕಡಲು, ಕಪ್ಪು ಬಂಡೆ, ಬಂಡೆಯ ತುಂಬ ಕಡಲಸಿಂಹಗಳು. ತಾಯಿ ಮೀನು ಹುಡುಕಲು ದಿನಗಟ್ಟಲೆ ಹೋಗುತ್ತಾಳೆ. ಮರಿ ಬಂಡೆಯ ಮೇಲೆ ಕಾಯುತ್ತದೆ. ವಾಪಸು ಬಂದವಳು ಅಷ್ಟು ಗಲಾಟೆಯ ನಡುವೆ ಒಮ್ಮೆ ಕೂಗುತ್ತಾಳೆ, ಮರಿ ಒಮ್ಮೆ ಕೂಗುತ್ತದೆ, ಮೂಗಿಗೆ ಮೂಗು ತಾಗಿಸಿ ಮೂಸುತ್ತಾರೆ. ನನ್ನ ಮಗಳು ಸ್ಟೇಸಿ ಉಡುಪಿಯಲ್ಲಿ ಹಾಸ್ಟೆಲಿನಲ್ಲಿದ್ದಳು. ನಾನು ಪೊರಕೆ ಹಿಡಿದು ಅದನ್ನು ಎಷ್ಟು ಸಲ ನೋಡಿದೆನೋ. ಆ ಕೂಗು ಒಳಗೆ ಕೊಳಕ್ಕೂ ಕೇಳುತ್ತಿತ್ತು. ಮಾಂಯ್ ಆಟದ ಮಧ್ಯೆ ತಲೆ ತಿರುಗಿಸಿ ಬಾಗಿಲಿನ ಕಡೆಗೆ ಕೂಗು ಹಾಕುತ್ತಿದ್ದಳು. ಒಂದು ದಿನ ಶೋ ಕೆಟ್ಟಿತು. ಬ್ರಾಯನ್ ಟಿವಿಯ ಸದ್ದು ತೆಗೆಸಿದ. ಅಲ್ಲಿಂದ ಮುಂದೆ ಆ ಕಡಲು ಮೂಕ ಕಡಲಾಯಿತು.

ಹೊಟ್ಟೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಹೊಟ್ಟೆ ತುಂಬಿದ ಪ್ರಾಣಿ ಕುಣಿಯುವುದಿಲ್ಲ. ಅದಕ್ಕೆ ಬೆಳಿಗ್ಗೆ ಏನೂ ಇಲ್ಲ. ಒಂದು ಸಲ ಹಾರಿದರೆ ಒಂದು ಮೀನು. ಹಾರದಿದ್ದರೆ ಇಲ್ಲ. ಹಬ್ಬದ ದಿನ ಶೋ ಜಾಸ್ತಿ, ಆದ್ದರಿಂದ ಹಿಂದಿನ ದಿನದಿಂದಲೇ ಅರ್ಧ ಹೊಟ್ಟೆ. ಮುದುಕಿ ಬಳೆ ಕಾಣದೆ ತಪ್ಪಿಸುತ್ತಿದ್ದಳು, ತಪ್ಪಿಸಿದ್ದಕ್ಕೆ ಮೀನು ಸಿಗುತ್ತಿರಲಿಲ್ಲ, ಸಿಗದೆ ಇನ್ನೂ ಸೋತು ಇನ್ನೂ ತಪ್ಪಿಸುತ್ತಿದ್ದಳು. ಜನ ಅದಕ್ಕೂ ಚಪ್ಪಾಳೆ ಹೊಡೆಯುತ್ತಿದ್ದರು, ತಮಾಷೆಗೆ ಮಾಡುತ್ತಿದ್ದಾಳೆ ಎಂದುಕೊಂಡು.

ಹಬ್ಬದ ದಿನ ಬೆಳಿಗ್ಗೆ ನಾನು ಮೀನಿನ ಕೋಣೆಗೆ ಹೋದೆ. ಪೆಟ್ಟಿಗೆ ಪೆಟ್ಟಿಗೆ ಮಂಜುಗಡ್ಡೆಯ ಮೀನು. ನಮ್ಮ ಬೂತಾಯಿಯ ಜಾತಿಯದ್ದೇ, ಸ್ವಲ್ಪ ಉದ್ದ. ತಣ್ಣೀರಿನಲ್ಲಿ ಬಿಡಿಸುತ್ತ ಕೂತೆ. ಮೊಣಕೈಯವರೆಗೆ ಮರಗಟ್ಟಿತು. ಉಗುರಿನ ಸಂದಿಗೆ ಮಂಜು ಹೊಕ್ಕು ಚುಚ್ಚಿತು. ಇಡೀ ಮೀನನ್ನೇ ಎಸೆಯುವುದನ್ನು ಗ್ಯಾಲರಿಯಿಂದ ನೋಡಿದ್ದೆನಲ್ಲ, ಹಾಗಾಗಿ ತಲೆ ತೆಗೆಯಲಿಲ್ಲ, ತುಂಡು ಮಾಡಲಿಲ್ಲ. ಹೊಟ್ಟೆ ಸೀಳಿ ಕರುಳು ತೆಗೆದೆ. ಬೆರಳು ತುರುಕಿ ಕಿವಿರು ಕಿತ್ತೆ. ನೀರು ತಿಳಿಯಾಗುವವರೆಗೆ ತೊಳೆದೆ. ಒಂದು ಮೀನೂ ಬಿಡಲಿಲ್ಲ. ಬೆನ್ನು ಬಿದ್ದುಹೋಗಿತ್ತು. ಮುದುಕಿ ಇವತ್ತಾದರೂ ಚೊಕ್ಕ ಮೀನು ತಿನ್ನಲಿ ಎಂದು ಬಕೆಟಿನಲ್ಲಿ ಸಾಲಾಗಿ ಜೋಡಿಸಿಟ್ಟೆ. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯಾಗಿತ್ತು.

ಬ್ರಾಯನ್ ಬಂದು ಒಂದು ಮೀನೆತ್ತಿ ತಲೆಯೊಳಗೆ ನೋಡಿದ. ಇನ್ನೊಂದು ಎತ್ತಿದ. ಮತ್ತೊಂದು.

"ಕಿವಿರು ಎಲ್ಲಿ?"

"ತೆಗ್ದೆ ಸರ್. ಎಲ್ಲದ್ರದ್ದೂ."

ಅವನ ಮುಖ ಕೆಂಪಾಯಿತು. ಆಗ ನನಗೆ ತಿಳಿಯಿತು. ಮಂಜುಗಡ್ಡೆಯ ಮೀನಿನಲ್ಲಿ ಸತ್ವ ಉಳಿದಿರುವುದಿಲ್ಲವಂತೆ. ಅದಕ್ಕೆ ದಿನಾ ವಿಟಮಿನ್ ಮಾತ್ರೆ ಕೊಡಬೇಕು. ಮಾತ್ರೆಯನ್ನು ಕಿವಿರಿನೊಳಗೆ ಸಿಕ್ಕಿಸುತ್ತಾರೆ, ಪ್ರಾಣಿ ಮೀನಿನ ಜೊತೆಗೆ ನುಂಗಿಬಿಡುತ್ತದೆ. ಕಿವಿರಿಲ್ಲದ ಮೀನಿನಲ್ಲಿ ಮಾತ್ರೆ ನಿಲ್ಲುವುದಿಲ್ಲ. ಮೀನಿನ ಬಾಯಿಯಿಂದ ಹಾಕಿದರೆ ಸೀಳಿದ ಹೊಟ್ಟೆಯಿಂದ ಉದುರುತ್ತದೆ. ಬಂಗಾಳಿಗೆ ಇದು ಗೊತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ.

ಅವನು ಎಲ್ಲರನ್ನೂ ಕರೆದ. ಟಿಕೆಟ್ ಕೊಡುವ ಹುಡುಗಿಯರು, ಲೈಟಿನವರು, ಕೊಳ ತೊಳೆಯುವ ಮಸೂದ್. ಮೀನನ್ನು ಬಾಲ ಹಿಡಿದು ನೇತಾಡಿಸಿ ತೋರಿಸಿದ. "ನೋಡಿ, ಮೇಡಂ ಸೀಲಿಗೆ ಗಸಿ ಮಾಡ್ಲಿಕ್ಕೆ ಹೊರಟಿದ್ದಾರೆ. ತೆಂಗಿನಕಾಯಿ ತರಿಸ್ಬೇಕಾ? ಹುಳಿ ಸಾಕಾ?" ಇಂಗ್ಲಿಷಿನಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ ಹೇಳಿದ, ಯಾರಿಗೂ ನಗು ತಪ್ಪಿಹೋಗಬಾರದು ಎಂದು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿಸಿದೆ. ನಗದಿದ್ದರೆ ಅಳು ಬರುತ್ತಿತ್ತು. ಮಸೂದ್ ಒಬ್ಬ ಪೈಪು ಸುತ್ತುತ್ತ ನೆಲ ನೋಡುತ್ತಿದ್ದ.

"ಬೇರೆ ಪೆಟ್ಟಿಗೆ ಬಿಡಿಸ್ತೇನೆ ಸರ್. ಸ್ವಲ್ಪ ಹೊತ್ತು ಕೊಡಿ."

"ಹೊತ್ತು ನಿನ್ನಪ್ಪ ಕೊಡ್ತಾನಾ? ಜನ ಒಳಗೆ ಬಂದಾಯ್ತು. ಮಾತ್ರೆ ಹೋಗದೆ ಆ ಮುದುಕಿ ಸ್ಟೇಜಲ್ಲಿ ಬಿದ್ರೆ ನನ್ನ ತಲೆ ಹೋಗ್ತದೆ. ಕೈಯಲ್ಲಿ ಹಾಕು."

"ಕೈಯಲ್ಲಿ?"

"ಒಂದು ಕೈಯಲ್ಲಿ ಮೀನು ತೋರ್ಸು. ಬಾಯಿ ತೆರೀತದೆ. ಇನ್ನೊಂದು ಕೈಯಲ್ಲಿ ಮಾತ್ರೆ ಗಂಟಲಿಗೆ ತುರುಕು. ಮಗಳಿಗೆ ಮದ್ದು ಕುಡಿಸಿಲ್ವಾ ನೀನು? ಯಲ್ಲಾ, ಬೇಗ ನಡಿ."

ಪ್ರಾಣಿಗಳ ಬಾಯಿಗೆ ಕೈ ಹಾಕಲು ಅಭ್ಯಾಸ ಇದ್ದವರು, ಅವನ್ನು ಆಡಿಸುವ ಟ್ರೈನರುಗಳು, ಇದ್ದರು. ಅವರಿಗೆ ದಪ್ಪ ಗ್ಲೌಸೂ ಇತ್ತು, ಇನ್ಶೂರೆನ್ಸೂ ಇತ್ತು. ಗುಡಿಸುವವಳನ್ನು ಕಳಿಸಿದರೆ ಶಿಕ್ಷೆಯೂ ಆಯಿತು, ಕೆಲಸವೂ ಆಯಿತು. ಬ್ರಾಯನ್‌ನ ಬುದ್ಧಿ ಇರುವುದೇ ಹಾಗೆ.

ಪರದೆಯ ಹಿಂದೆ ಮಾಂಯ್ ಹಲಗೆಯ ಮೇಲೆ ಕಾಯುತ್ತಿದ್ದಳು. ಹಿಂದಿನ ದಿನದಿಂದ ಅರ್ಧ ಹೊಟ್ಟೆ. ಹೊರಗೆ ಮಕ್ಕಳ ಕೂಗಾಟ, ಡೋಲು, ಹಾಡು. ನಾನು ಎಡಗೈಯಲ್ಲಿ ಮೀನು ಹಿಡಿದೆ. ಅವಳು ಮೂಗು ಅರಳಿಸಿದಳು. ಮೀಸೆ ನಡುಗಿತು. ಬಾಯಿ ತೆರೆದಳು. ಬಿಸಿ ಉಸಿರು ಮುಖಕ್ಕೆ ಹೊಡೆಯಿತು. "ಮಾಂಯ್, ಸ್ವಲ್ಪ ತಡಿ" ಎಂದು ಬಲಗೈಯ ಬೆರಳಿನಲ್ಲಿ ಮಾತ್ರೆ ಒಳಗಿಟ್ಟೆ. ಬೆಳಿಗ್ಗೆಯಿಂದ ಮೀನಿನ ರಕ್ತದಲ್ಲಿ ಅದ್ದಿದ್ದ ಕೈ ಅದು. ಕಣ್ಣಿಲ್ಲದವಳಿಗೆ ಬೆರಳು ಯಾವುದು, ಮೀನು ಯಾವುದು. ಅವಳು ಬಾಯಿ ಮುಚ್ಚಿದಳು.

ಮೂಳೆಯ ಸದ್ದು ನನಗೆ ಕೇಳಿಸಿತು. ನಾನು ಕಿರುಚಿದೆ. ಹೊರಗಿನ ಡೋಲಿನಲ್ಲಿ ಅದು ಎಲ್ಲಿ ಹೋಯಿತೋ. ಅವಳಿಗೂ ಗೊತ್ತಾಗಿರಬೇಕು, ತಕ್ಷಣ ಬಿಟ್ಟಳು, ಹಿಂದಕ್ಕೆ ಸರಿದು ತಲೆ ಆಡಿಸಿದಳು. ತೋರುಬೆರಳಿನ ಗೆಣ್ಣಿನ ಮೇಲೆ ಹಲ್ಲು ಎರಡೂ ಕಡೆಯಿಂದ ಇಳಿದಿತ್ತು. ಹಲಗೆ ಕೆಂಪಾಯಿತು. ಬ್ರಾಯನ್ ಓಡಿ ಬಂದ. ನನ್ನ ಕೈ ನೋಡಲಿಲ್ಲ. "ಮಸೂದ್, ನೀರು ಹಾಕು ಮೊದ್ಲು" ಎಂದ. ಮಸೂದ್ ಪೈಪು ತಂದು ರಕ್ತ ತೊಳೆದ. ಪರದೆ ಸರಿಯಿತು. ಆಟ ಶುರುವಾಯಿತು. ನನ್ನನ್ನು ಬಕೆಟುಗಳ ಹಿಂದೆ ಕೂರಿಸಿ ಟಿಶ್ಯೂ ಕಟ್ಟು ಕೊಟ್ಟರು. ಶೋ ಮುಗಿಯುವವರೆಗೆ ಅಲ್ಲೇ ಕೂತಿದ್ದೆ. ಮುದುಕಿ ಆ ದಿನ ಬಳೆ ತಪ್ಪಿಸಲಿಲ್ಲವಂತೆ.

ಕಾರಿನಲ್ಲಿ ಸೀಟಿಗೆ ಪೇಪರು ಹಾಸಿ ಬ್ರಾಯನ್ ನನ್ನನ್ನು ಕೂರಿಸಿಕೊಂಡ. ಅಲ್ ಮುರಕ್ಕಬಾತಿನ ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ಮತ್ತೆ ಆಂಟಿ ಶುರುವಾಯಿತು.

"ನೋಡಿ ಆಂಟಿ, ಕತ್ತಿ ತಾಗಿತು ಅಂತ ಹೇಳುವ. ಮೀನು ಕೊಯ್ಯುವಾಗ ಕತ್ತಿ ತಾಗಿತು. ಆಯ್ತಲ್ಲ?"

"ಯಾಕೆ ಸರ್? ಕಚ್ಚಿದ್ದಲ್ವಾ?"

"ಕಚ್ಚಿದ್ದು ಅಂದ್ರೆ ಡಾಕ್ಟರ್ ರಿಪೋರ್ಟ್ ಮಾಡ್ತಾರೆ. ಇನ್ಸ್‌ಪೆಕ್ಟರ್ ಬರ್ತಾರೆ. ಮನುಷ್ಯರಿಗೆ ಕಚ್ಚಿದ ಪ್ರಾಣಿಯನ್ನು ಇಟ್ಕೊಳ್ಳಿಕ್ಕೆ ಬಿಡುದಿಲ್ಲ. ಇಂಜೆಕ್ಷನ್ ಕೊಟ್ಟು ಮಲಗಿಸ್ತಾರೆ, ಖಲಾಸ್. ನೀವು ಅದನ್ನು ಮಾಂಯ್ ಮಾಂಯ್ ಅಂತ ಮಾತಾಡ್ಸುದು ನನಗೆ ಗೊತ್ತುಂಟು. ಈಗ ಅದರ ಜೀವ ನಿಮ್ಮ ಬಾಯಲ್ಲಿ ಉಂಟು."

ಕ್ಲಿನಿಕ್ಕಿನಲ್ಲಿ ಅವನೇ ಇಂಗ್ಲಿಷಿನಲ್ಲಿ ಮಾತಾಡಿದ. ಡಾಕ್ಟರಮ್ಮ ನನ್ನ ಮುಖ ನೋಡಿ ಹಿಂದಿಯಲ್ಲಿ "ಕತ್ತಿಯಾ?" ಎಂದು ಕೇಳಿದರು. ಹೌದು ಎಂದು ತಲೆಯಾಡಿಸಿದೆ. ಹೊಲಿಗೆ ಹಾಕಿದರು. ಕತ್ತಿಯ ಗಾಯಕ್ಕೆ ಏನು ಮಾತ್ರೆ ಕೊಡುತ್ತಾರೋ ಅದನ್ನು ಕೊಟ್ಟರು. ಬ್ರಾಯನ್ ನನ್ನನ್ನು ದೇರಾದ ನಮ್ಮ ಫ್ಲಾಟಿನ ಕೆಳಗೆ ಇಳಿಸಿ, ನಾಳೆ ಬೇಗ ಬನ್ನಿ ಎಂದು ಹೇಳಿ ಹೋದ.

ಮಾರನೆಯ ದಿನ ಮಾಂಯ್ ಕೊಳದಲ್ಲಿ ಇರಲಿಲ್ಲ. ಅಬುಧಾಬಿಯ ಕಡೆ ಬನಿಯಾಸಿನಲ್ಲಿ ಕಂಪೆನಿಯ ಜಾಗ ಉಂಟು, ಅಲ್ಲಿ ರೆಸ್ಟಿಗೆ ಕಳಿಸಿದ್ದೇವೆ ಎಂದು ಬ್ರಾಯನ್ ಹೇಳಿದ. ನನಗೆ ಸಂತೋಷವಾಯಿತು. ದಡ್ಡಿ ನಾನು, ಸಂತೋಷಪಟ್ಟೆ. ಮುದಿ ಜೀವ ನಾಲ್ಕು ದಿನ ಕುಣಿಯದೆ ಬಿದ್ದುಕೊಳ್ಳಲಿ ಎಂದುಕೊಂಡೆ.

ಬೆರಳು ಊದಿತು. ಮೊದಲು ಕೆಂಪು, ಆಮೇಲೆ ನೇರಳೆ. ಮಡಿಸಲು ಬರುವುದಿಲ್ಲ. ನೋವೆಂದರೆ ಹೆರಿಗೆ ನೋವನ್ನು ಒಂದು ಗೆಣ್ಣಿನೊಳಗೆ ತುಂಬಿಸಿಟ್ಟ ಹಾಗೆ. ಅದೇ ಕೈಗೆ ಪ್ಲಾಸ್ಟಿಕ್ ಕಟ್ಟಿಕೊಂಡು ಮಂಜುನೀರಿನಲ್ಲಿ ಮೀನು ಬಿಡಿಸಿದೆ. ಈಗ ಕಿವಿರು ಮುಟ್ಟಲಿಲ್ಲ. ಒಂದೊಂದು ಕಿವಿರಿನೊಳಗೆ ಮಾತ್ರೆ ಸಿಕ್ಕಿಸುವಾಗ ಬೆರಳು ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಕೈಯಿಂದ ವಾಸನೆ ಬರತೊಡಗಿತು. ಮೆಟ್ರೋದಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು. ಫ್ಲಾಟಿನಲ್ಲಿ ನನ್ನ ಮೇಲಿನ ಮಂಚದ ಜೆಸ್ಸಿಕಾ ಮೂಗು ಮುಚ್ಚಿಕೊಂಡೇ ನನ್ನ ಜಡೆ ಹಾಕಿಕೊಡುತ್ತಿದ್ದಳು. ಮಗಳು ಫೋನಿನಲ್ಲಿ "ಮಮ್ಮಿ, ಕೈ ತೋರಿಸು" ಎಂದಳು. ತೋರಿಸಲಿಲ್ಲ. ಅವಳಿಗೂ ಕತ್ತಿ ಎಂದೇ ಹೇಳಿದೆ.

"ಸರ್, ಮಾಂಯ್ ಹೇಗಿದ್ದಾಳೆ?" ಎಂದು ನಾನು ಬ್ರಾಯನ್‌ನನ್ನು ಕೇಳುತ್ತಿದ್ದೆ. ಒಂದು ಸಲ ಅವನು ಮೊಬೈಲ್ ತೆಗೆದು ವಿಡಿಯೋ ತೋರಿಸಿದ. ನೀಲಿ ನೀರು, ಮಾಂಯ್ ಅಡ್ಡಬಿದ್ದು ಹೊಟ್ಟೆ ತೋರಿಸುತ್ತಿದ್ದಾಳೆ, ಯಾರೋ ಮೀನು ಎಸೆಯುತ್ತಿದ್ದಾರೆ. "ನಿಮ್ಮಿಂದಾಗಿ ಬದುಕಿದ್ದು ಅದು. ದೇವರು ನೋಡ್ತಾನೆ ಆಂಟಿ ಇದನ್ನೆಲ್ಲ" ಎಂದ. ಅದನ್ನು ನೆನೆಸಿಕೊಂಡೇ ನಾನು ನೋವು ನುಂಗುತ್ತಿದ್ದೆ. ಒಂದು ಬೆರಳು ತಾನೇ, ಇಂದಲ್ಲ ನಾಳೆ ವಾಸಿಯಾಗುತ್ತದೆ, ಆ ಜೀವ ಉಳಿಯಲಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಮಸೂದ್ ಉಳ್ಳಾಲದ ಬ್ಯಾರಿ. ನಾವಿಬ್ಬರೂ ತುಳುವಿನಲ್ಲಿ ಮಾತಾಡುತ್ತಿದ್ದೆವು. ನಮ್ಮ ಊರ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಅವನು ನನ್ನನ್ನು ಬಾಯಮ್ಮ ಎನ್ನುತ್ತಿದ್ದ. ಮಾತಿನ ಮನುಷ್ಯ, ಆದರೆ ಹಬ್ಬದ ನಂತರ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದ. ಒಂದು ಮಧ್ಯಾಹ್ನ ಮೀನಿನ ಕೋಣೆಗೆ ಪೈಪು ಇಡಲು ಬಂದ. ನಾನು ಪ್ಲಾಸ್ಟಿಕ್ ಬಿಚ್ಚಿ ಕೈ ತೊಳೆಯುತ್ತಿದ್ದೆ. ಬೆರಳು ನೋಡಿ ಅಲ್ಲೇ ನಿಂತ. ತುದಿ ಕಪ್ಪಾಗಿತ್ತು.

"ಬಾಯಮ್ಮ, ಇದು ಕೊಳೆತು ಹೋಗ್ತಾ ಉಂಟು. ಡಾಕ್ಟ್ರ ಹತ್ರ ಸೀಲ್ ಕಚ್ಚಿದ್ದು ಅಂತ ಹೇಳಿ."

"ಹೇಳಿದ್ರೆ ಅವಳನ್ನು ಕೊಲ್ತಾರೆ ಮಸೂದ್."

"ಯಾರನ್ನು?"

"ಮಾಂಯ್‌ಯನ್ನು. ಇನ್ಸ್‌ಪೆಕ್ಟರ್ ಬಂದ್ರೆ ಇಂಜೆಕ್ಷನ್ ಕೊಡ್ತಾರಂತೆ. ಬ್ರಾಯನ್ ಸರ್ ಹೇಳಿದ್ದು."

ಮಸೂದ್ ಪೈಪು ಕೆಳಗಿಟ್ಟ. ಬಾಗಿಲು ಮುಚ್ಚಿ ಬಂದ. ಬಕೆಟು ಕವುಚಿ ಅದರ ಮೇಲೆ ಕೂತ.

"ಅದು ಅವತ್ತೇ ಹೋಯ್ತು ಬಾಯಮ್ಮ."

ನನಗೆ ಅರ್ಥವಾಗಲಿಲ್ಲ. ಎಲ್ಲಿಗೆ ಎಂದು ಕೇಳಿದೆ.

"ಸತ್ತು ಹೋಯ್ತು. ಕಚ್ಚಿದ ದಿನ ಸಂಜೆಯೇ. ಯಾರಾದ್ರೂ ಕೇಳ್ಲಿಕ್ಕೆ ಬಂದ್ರೆ ಕಚ್ಚಿದ ಪ್ರಾಣಿ ಇಲ್ಲಿರ್ಬಾರ್ದು ಅಂತ ಬನಿಯಾಸಿನ ಗೋಡೌನಿಗೆ ಸಾಗಿಸಿದ್ರು. ಎಸಿ ಗಾಡಿ ಕರೆಸಿದ್ರೆ ನಾಲ್ಕು ಜನಕ್ಕೆ ಗೊತ್ತಾಗ್ತದಲ್ಲ, ತರಕಾರಿ ತರುವ ಪಿಕಪ್. ಕಬ್ಬಿಣದ ಪಂಜರ. ನನ್ನನ್ನು ಹಿಂದೆ ಕೂರ್ಸಿದ್ರು, ನೀರು ಹಾಕ್ಲಿಕ್ಕೆ. ಎರಡು ಕ್ಯಾನ್ ನೀರು. ಜೂನ್ ತಿಂಗಳ ಬಿಸಿಲು. ದಾರಿಯಲ್ಲಿ ಟ್ರಾಫಿಕ್. ಅರ್ಧ ದಾರಿಯಲ್ಲೇ ನೀರು ಮಾಫಿ, ಒಂದು ಹನಿ ಇಲ್ಲ. ನಿಲ್ಸಿ ನಿಲ್ಸಿ ಅಂತ ಮುಂ‌ದಿನ ಗ್ಲಾಸಿಗೆ ಬಡಿದೆ. ನಿಲ್ಸಲಿಲ್ಲ. ಕೈ ಇಟ್ರೆ ಪಂಜರದ ಕಬ್ಬಿಣ ಸುಡ್ತಿತ್ತು. ಅದಕ್ಕೆ ತಾಗಿಕೊಂಡೇ ಅದು ಮಲಗಿತ್ತು."

"ಕೂಗಿದಳಾ?"

"ಸುಮಾರು ದೂರ ಕೂಗಿತು. ಆಮೇಲೆ ಸ್ವರ ಬರ್ಲಿಲ್ಲ, ಬಾಯಿ ಮಾತ್ರ ತೆಗೀತಿತ್ತು. ನನ್ನ ಕುಡಿಯುವ ಬಾಟ್ಲಿ ನೀರನ್ನು ಬಾಯಿಗೆ ಬಿಟ್ಟೆ. ಗೋಡೌನಿಗೆ ಮುಟ್ಟುವಾಗ ಮೈ ಬಿಸಿ ಇತ್ತು, ಜೀವ ಇರ್ಲಿಲ್ಲ."

"ವಿಡಿಯೋ ತೋರಿಸಿದನಲ್ಲ?"

"ನೀಲಿ ನೀರಿನದ್ದಾ? ಅದು ಹೋದ ವರ್ಷದ್ದು. ನಾನೇ ತೆಗ್ದದ್ದು."

ನಾನು ನೆಲದ ಮೇಲೆ ಕೂತೆ. ಮೀನಿನ ನೀರಿನಲ್ಲಿ ಬಟ್ಟೆ ಒದ್ದೆಯಾಯಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಮಸೂದ್‌ನನ್ನು ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ.

"ಬಾಯಿ ಬಿಟ್ರೆ ವೀಸಾ ಕ್ಯಾನ್ಸಲ್ ಅಂದಿದ್ರು. ನೀವು ಕತ್ತಿ ಅಂತ ಹೇಳಿದ್ದು ಕೆಲಸ ಹೋಗ್ತದೆ ಅಂತ ಹೆದರಿ ಅಂದ್ಕೊಂಡಿದ್ದೆ ನಾನು. ಅದರ ಜೀವಕ್ಕೋಸ್ಕರ ಅಂತ ಗೊತ್ತಿದ್ರೆ ಅಲ್ಲಾಹ್‌ನಾಣೆ ಅವತ್ತೇ ಹೇಳ್ತಿದ್ದೆ ಬಾಯಮ್ಮ."

ಅವನ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು. ಸಿಟ್ಟು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಹೋಯಿತು. ಸತ್ತವಳ ಜೀವ ಉಳಿಸಲು ನಾನು ದಿನದಿನವೂ ನನ್ನ ಕೈಯನ್ನು ಕೊಳೆಯಲು ಬಿಟ್ಟಿದ್ದೆ. ಅದನ್ನು ನೋಡುತ್ತ ಬ್ರಾಯನ್ ದೇವರ ಹೆಸರು ಹೇಳಿದ್ದ.

ಅದೇ ಸಂಜೆ ಜ್ವರ ಏರಿತು. ಕಂಪೆನಿಯಲ್ಲಿ ಬಿದ್ದರೆ ಕಷ್ಟ ಎಂದು ಬ್ರಾಯನ್‌ನೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಅದೇ ಡಾಕ್ಟರಮ್ಮ. ಬ್ಯಾಂಡೇಜು ಬಿಚ್ಚಿ ಹುಬ್ಬು ಗಂಟಿಕ್ಕಿದರು. ಕತ್ತಿಯ ಗಾಯ ಹೀಗಾಗುವುದಿಲ್ಲ, ನಿಜವಾಗಿ ಏನಾಯಿತು ಎಂದು ಕೇಳಿದರು.

"ನೈಫ್ ಡಾಕ್ಟರ್. ಫಿಶ್ ನೈಫ್. ಕ್ಲೀನ್ ಇಡುದಿಲ್ಲ ಈ ಜನ" ಎಂದ ಬ್ರಾಯನ್.

ನಾನು ಎದ್ದು ನಿಂತೆ. ಬಲಗೈಯನ್ನು ಡಾಕ್ಟರಮ್ಮನ ಮೇಜಿನ ಮೇಲೆ, ಅವರ ಕಾಗದಗಳ ಮೇಲೆಯೇ ಇಟ್ಟೆ. ನನಗೆ ಬರುವುದು ಅಡ್ಡಾದಿಡ್ಡಿ ಹಿಂದಿ.

"ಚಾಕು ನಹೀ. ಜಾನ್ವರ್. ಸೀ ಲಯನ್ ಕಾಟಾ."

"ಜ್ವರದಲ್ಲಿ ಏನೇನೋ ಹೇಳ್ತಿದ್ದಾಳೆ" ಎಂದು ಬ್ರಾಯನ್ ನಕ್ಕ. ಕೊಂಕಣಿಯಲ್ಲಿ ಹಲ್ಲು ಕಚ್ಚಿ ಹೇಳಿದ: "ಆಂಟಿ, ಬಾಯಿ ಮುಚ್ಚಿ. ಅದನ್ನು ಕೊಲ್ತಾರೆ."

"ಕೊಂದಾಯ್ತಲ್ಲ ನೀನು" ಎಂದೆ. ಸರ್ ಎನ್ನಲಿಲ್ಲ. "ಬೇಯಿಸಿ ಕೊಂದಾಯ್ತು. ಇನ್ನು ಯಾರನ್ನು ಉಳಿಸ್ಲಿಕ್ಕೆ ಬಾಯಿ ಮುಚ್ಚಬೇಕು ನಾನು?"

ಅವನ ನಗು ಹಾಗೇ ಮುಖದ ಮೇಲೆ ಉಳಿಯಿತು. ಡಾಕ್ಟರಮ್ಮ ಅವನನ್ನು ಹೊರಗೆ ಕಳಿಸಿದರು. ನಾನು ಎಲ್ಲ ಹೇಳಿದೆ. ಮಾತು ಸಿಗದ ಕಡೆ ಕೈಸನ್ನೆ ಮಾಡಿ ಹೇಳಿದೆ. ಅವರು ತಲೆ ಹಿಡಿದುಕೊಂಡರು. ಈ ಪ್ರಾಣಿಗಳ ಬಾಯಲ್ಲಿ ಬೇರೆಯೇ ಕ್ರಿಮಿ ಇರುತ್ತದೆ, ಅದಕ್ಕೆ ಬೇರೆಯೇ ಔಷಧ, ತಾವು ಕೊಟ್ಟಿದ್ದ ಮಾತ್ರೆ ಅದನ್ನು ಮುಟ್ಟುವುದೇ ಇಲ್ಲ ಎಂದರು. ಮೊದಲ ದಿನವೇ ಹೇಳಿದ್ದರೆ ಅಗ್ಗದ ಮಾತ್ರೆಯಲ್ಲಿ ಹೋಗುವ ರೋಗವಂತೆ. "ನೀವು ಯಾಕೆ ತಲೆಯಾಡಿಸಿದಿರಿ?" ಎಂದು ಅವರು ಕೇಳಿದರು. ಬಯ್ಯಲು ಕೇಳಿದ್ದಲ್ಲ, ಪಾಪ.

ದೊಡ್ಡ ಆಸ್ಪತ್ರೆಗೆ ಕಳಿಸಿದರು. ಕೈ ಉಳಿಯಿತು. ಬೆರಳು ಉಳಿಯಲಿಲ್ಲ.

ಇನ್ಸ್‌ಪೆಕ್ಟರ್ ಬಂದರು. ಕೊಳದಲ್ಲಿ ಎರಡು ಕಡಲಸಿಂಹ ಇದ್ದವು, ಎರಡೂ ಆರೋಗ್ಯವಾಗಿದ್ದವು. ಮೂರನೆಯದು ವಯಸ್ಸಾಗಿ ಸತ್ತಿತು ಎಂದು ಕಂಪೆನಿ ಹೇಳಿತು. ಆ ಹೆಂಗಸು ಬೇಡವೆಂದರೂ ಮುದ್ದಿಗಾಗಿ ತಾನೇ ಬಾಯಿಗೆ ಕೈ ಹಾಕಿದಳು ಎಂದೂ ಹೇಳಿತು. ನನ್ನ ವೀಸಾ ರದ್ದಾಯಿತು, ಟಿಕೆಟ್ ಬಂತು. ನನ್ನ ಪರವಾಗಿ ಬಾಯಿ ಬಿಟ್ಟದ್ದಕ್ಕೆ ಮಸೂದ್‌ನ ಕೆಲಸವೂ ಹೋಯಿತು. ಬ್ರಾಯನ್ ಅಲ್ಲೇ ಇದ್ದ. ಮುದುಕಿಯ ಜಾಗಕ್ಕೆ ಇನ್ನೊಂದನ್ನು ಯಾವುದೋ ದೇಶದಿಂದ ತರಿಸುತ್ತಾರೆ ಎಂದು ಸುದ್ದಿ.

ವಿಮಾನ ಹತ್ತುವ ಮುಂಚಿನ ಭಾನುವಾರ ನಾನು ಜೆಸ್ಸಿಕಾಳ ಜೊತೆ ಕೊಂಕಣಿ ಪೂಜೆಗೆ ಹೋದೆ. ಚರ್ಚು ತುಂಬಿತ್ತು. ಬಿಳಿ ಶರ್ಟು ಹಾಕಿಕೊಂಡು ಬ್ರಾಯನ್ ಮೈಕಿನ ಮುಂದೆ ನಿಂತು ಬೈಬಲಿನ ವಾಚನ ಓದಿದ. ಒಳ್ಳೆಯ ಕಂಠ ಅವನದು. ನನ್ನನ್ನು ನೋಡಿದ. ನೋಡಿದ ಎಂದು ನನಗೂ ಗೊತ್ತಾಯಿತು.

ಶಾಂತಿ ಹೇಳುವ ಹೊತ್ತು ಬಂತು. ಪೂಜೆಯ ಮಧ್ಯದಲ್ಲಿ ಅಕ್ಕಪಕ್ಕದವರಿಗೆ ಕೈ ಕೊಟ್ಟು ಶಾಂತಿ ಹೇಳುವುದು ನಮ್ಮಲ್ಲಿ ಪದ್ಧತಿ. ಕೋರ್ಟಿನಲ್ಲಿ ಜಾಗಕ್ಕೆ ಕಾದಾಡುವ ಅಣ್ಣತಮ್ಮಂದಿರೂ ಆ ಹೊತ್ತಿಗೆ ಕೈ ಕೊಡುತ್ತಾರೆ. ಚಾಚಿದ ಕೈಯನ್ನು ಹಿಡಿಯದಿದ್ದರೆ ತಪ್ಪೆಲ್ಲ ಹಿಡಿಯದವರದ್ದೇ. ಬ್ರಾಯನ್‌ಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಅವನು ಪೀಠದ ಬದಿಯಿಂದ ಇಳಿದ. ಸಾಲುಗಳ ನಡುವೆ ನಡೆದು ನಮ್ಮ ಬೆಂಚಿನವರೆಗೆ ಬಂದ. ಜನ ತಿರುಗಿ ನೋಡಿದರು. ಎಷ್ಟು ದೊಡ್ಡ ಮನಸ್ಸು ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು.

"ಶಾಂತಿ ಆಂಟಿ" ಎಂದು ಕೈ ಚಾಚಿದ.

ನಾನು ನನ್ನ ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು ನಿಂತೆ.

"ಕೊಡು ಮಾರಾಯ್ತಿ, ಎಲ್ಲ ನೋಡ್ತಿದ್ದಾರೆ" ಎಂದು ಜೆಸ್ಸಿಕಾ ಮೊಣಕೈಯಿಂದ ತಿವಿದಳು.

"ನೋಡ್ಲಿ" ಎಂದೆ. "ಇಲ್ಲ ಬ್ರಾಯನ್. ಶಾಂತಿ ಇಲ್ಲ."

ಅವನು ನಗುತ್ತಲೇ ಬಗ್ಗಿದ. "ಸೀನ್ ಮಾಡ್ಬೇಡಿ. ದೇವರ ಮನೆ ಇದು."

ಅದಕ್ಕೇ ಮಾಡಬೇಕು ಎನಿಸಿತು. ಹುಟ್ಟಿದಂದಿನಿಂದ ಚರ್ಚಿನಲ್ಲಿ ಮೊಣಕಾಲೂರಿ ಮೆಲ್ಲಗೆ ಮಾತಾಡಿದವಳು ನಾನು. ಈ ಊರಿನಲ್ಲಿ ಗೋಡೆ ಬದಿಯಲ್ಲೇ ನಡೆದವಳು. ನನ್ನ ಸ್ವರ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ.

"ಕಣ್ಣಿಲ್ಲದ ಪ್ರಾಣಿಯನ್ನು ಉಪವಾಸ ಕೆಡವಿ ಅದರ ಬಾಯಿಗೆ ನನ್ನ ಕೈ ಹಾಕಿಸಿದ್ದು ನೀನು. ಬಿಸಿಲಲ್ಲಿ ಬೇಯಿಸಿ ಅದನ್ನು ಕೊಂದದ್ದು ನೀನು. ಸತ್ತದ್ದರ ವಿಡಿಯೋ ತೋರಿಸಿ, ಬದುಕಿದೆ ಅಂತ ಹೇಳಿ ನನ್ನ ಬೆರಳು ಕೊಳೆಸಿದ್ದು ನೀನು. ಈಗ ಕೈ ಕೇಳ್ಲಿಕ್ಕೆ ಬಂದಿದ್ದೀಯಾ? ಯಾವ ಬೆರಳು ಬೇಕು ನಿನಗೆ, ಹೇಳು."

ಚಾಚಿದ ಕೈಯನ್ನು ಎಲ್ಲಿಡುವುದೆಂದು ಅವನಿಗೆ ತಿಳಿಯಲಿಲ್ಲ. ಮುಂದಿನ ಬೆಂಚಿನ ಮುದುಕರೊಬ್ಬರು ಬಾಯಿ ತೆರೆದು ಅವನನ್ನೇ ನೋಡಿದರು. ಪಾದ್ರಿಗಳು ಗಾಯಕರ ಕಡೆಗೆ ಕೈಸನ್ನೆ ಮಾಡಿದರು. ಆರ್ಗನ್ ಶುರುವಾಯಿತು, ದೇವರ ಕುರಿಮರಿಯ ಹಾಡು. ಕೂತ್ಕೋ, ಕೂತ್ಕೋ ಎಂದು ಜೆಸ್ಸಿಕಾ ನನ್ನ ಸೆರಗು ಎಳೆದಳು. ನಾನು ಕೂರಲಿಲ್ಲ. ಮಾಂಯ್‌ಯ ವಿಷಯವನ್ನು ಮೊದಲಿನಿಂದ ಹೇಳತೊಡಗಿದೆ. ಹಾಡು ಜೋರಾಯಿತು. ನಾನೂ ಜೋರಾದೆ.